ಅತ್ತೆ ಕುಡಿಸಿದ ನೀರು

ಸತ್ತವರು ಬಂದು ಮಾತಾಡಿಸಿದರು, ಬಾಗಿಲಲ್ಲಿ ನಿಂತಿದ್ದರು ಎಂದೆಲ್ಲ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತಿತ್ತು. ಚಿಕ್ಕಂದಿನಲ್ಲಿ ನಮ್ಮ ಸೋದರತ್ತೆಯೊಬ್ಬರು ಹುಬ್ಬಳ್ಳಿಯಿಂದ ಬಂದಾಗಲೆಲ್ಲ ಇಂಥ ಕಥೆಗಳ ಗಂಟು ಬಿಚ್ಚುತ್ತಿದ್ದರು. ಉಳಿದ ಮಕ್ಕಳು ಒಬ್ಬರಿಗೊಬ್ಬರು ಅಂಟಿಕೊಂಡು ಕೂತರೆ ನಾನೊಬ್ಬಳು ಮಾತ್ರ "ನೀವು ಕಣ್ಣಾರೆ ನೋಡೀರೇನು?" ಎಂದು ಕೇಳಿ ಬೈಸಿಕೊಳ್ಳುತ್ತಿದ್ದೆ. ಮುಂದೆ ಬ್ಯಾಂಕಿನ ಕೆಲಸಕ್ಕೆ ಸೇರಿದ ಮೇಲಂತೂ ಸಹಿ ಇಲ್ಲದ ಮಾತನ್ನು ನಂಬದಿರುವುದೇ ರೂಢಿಯಾಯಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನನಗಾಗಿಯೇ ಮಾಡಿದ್ದಾರೆ ಎಂದು ನಮ್ಮವರು ತಮಾಷೆ ಮಾಡುತ್ತಿದ್ದರು.

ಈಗ ಹೇಳಹೊರಟಿರುವುದು ನಾನೇ ಕಂಡದ್ದು. ಪ್ರಮಾಣಿಸಿ ನೋಡಲು ಎಷ್ಟೋ ಸಲ ಹೆಣಗಿದ್ದೇನೆ, ಆಗಿಲ್ಲ. ಓದಿ ನೀವು ನಕ್ಕರೆ ನನಗೆ ಬೇಜಾರಿಲ್ಲ. ಮೊದಲಿನ ನಾನಾಗಿದ್ದರೆ ನಿಮಗಿಂತ ಜೋರಾಗಿ ನಗುತ್ತಿದ್ದೆ.

ನಾವು ಗದಗಿನ ಕಡೆಯವರು. ನಮ್ಮವರು ತಿರುವನಂತಪುರದ ಶ್ರೀಕಾರ್ಯಂನಲ್ಲಿ ಗೆಡ್ಡೆಗೆಣಸು ಬೆಳೆಗಳ ಸಂಶೋಧನಾ ಸಂಸ್ಥೆಯ ವಿಜ್ಞಾನಿ. ನಾನು ವರ್ಗವಾಗಿ ವರ್ಗವಾಗಿ ಕೊನೆಗೆ ಕೊಚ್ಚಿಯ ಶಾಖೆಗೆ ಬಂದು ಬಿದ್ದವಳು. ಮಗಳು ಅನಘಾಳ ಕಾಲೇಜಿಗೆ ಅನುಕೂಲವಾಗಲೆಂದು ತ್ರಿಪ್ಪುಣಿತ್ತುರದಲ್ಲಿ ಫ್ಲ್ಯಾಟು ಹಿಡಿದಿದ್ದೆವು. ಅವರು ಅಲ್ಲಿ ಕ್ವಾರ್ಟರ್ಸಿನಲ್ಲಿ, ನಾವಿಬ್ಬರು ಇಲ್ಲಿ. ಶುಕ್ರವಾರ ಸಂಜೆ ರೈಲು ಹತ್ತಿ ಬರುತ್ತಿದ್ದರು, ಸೋಮವಾರ ನಸುಕಿನಲ್ಲಿ ಹೊರಡುತ್ತಿದ್ದರು. ಬರುವಾಗ ಕೈಯಲ್ಲೊಂದು ಚೀಲ ಮರಗೆಣಸು ಇದ್ದೇ ಇರುತ್ತಿತ್ತು. "ಹೆಂಡ್ತಿಗೆ ಮಲ್ಲಿಗಿ ತರೋ ಗಂಡಸರನ್ನ ಕೇಳೀನಿ, ಗೆಣಸು ತರೋರನ್ನ ಇಲ್ಲೇ ನೋಡಿದ್ದು" ಎಂದು ನಾನು ಕೆಣಕಿದರೆ, "ಮಲ್ಲಿಗಿ ಕುದಿಸಿ ತಿನ್ನಾಕ ಬರೂದಿಲ್ಲಲ್ಲ" ಎನ್ನುತ್ತಿದ್ದರು. ಮನೆಯಲ್ಲಿ ನಾವಿಬ್ಬರೂ ಗದಗಿನ ಕನ್ನಡ ಮಾತಾಡಿದರೆ ಮಗಳು ಎಲ್ಲವನ್ನೂ ತಿಳಿದುಕೊಂಡು ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದಳು. ಹಾಗೇ ಚೆನ್ನಾಗಿ ನಡೆದಿತ್ತು ಸಂಸಾರ.

ನಮ್ಮ ಅತ್ತೆಯ, ಅಂದರೆ ನಮ್ಮವರ ತಾಯಿಯ ವಿಷಯ ಮೊದಲು ಹೇಳಿಬಿಡಬೇಕು. ಊರಿನ ಬಸ್ ನಿಲ್ಲುವ ಕಡೆಯೇ ಅವರ ಮನೆ. ಬೇಸಿಗೆ ಶುರುವಾಯಿತೆಂದರೆ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ಮರಳು ಹಾಸಿ, ಮಣ್ಣಿನ ಕೊಡಗಳನ್ನು ಸಾಲಾಗಿ ಇಟ್ಟು ಅರವಟ್ಟಿಗೆ ನಡೆಸುತ್ತಿದ್ದರು. ಬಸ್ಸಿನಿಂದ ಇಳಿದವರು, ಸಂತೆಗೆ ಹೊರಟವರು, ಕುರಿ ಕಾಯುವವರು ಬೊಗಸೆ ಒಡ್ಡಿದರೆ ತಾಮ್ರದ ತಂಬಿಗೆಯಿಂದ ನೀರು ಹೊಯ್ಯುವವರು ಅವರೇ. ಆ ಕೆಲಸ ಬೇರೆಯವರಿಗೆ ಬಿಟ್ಟುಕೊಟ್ಟವರಲ್ಲ. ಮನೆಯಲ್ಲೂ ಅಷ್ಟೆ. ಯಾರೇ ಹೊಸ್ತಿಲು ದಾಟಿದರೂ ಮೊದಲು ಒಂದು ತುಂಡು ಬೆಲ್ಲ, ಒಂದು ತಂಬಿಗೆ ನೀರು, ಆಮೇಲೆ ಮಾತು. "ನೀರು ಬೇಡಿದೋರಿಗೆ ಇಲ್ಲ ಅನಬಾರದವ್ವ. ಅಂದ್ರ ಅವರ ಒಣಗಿದ ಗಂಟಲು ನಮ್ಮ ಮಕ್ಕಳಿಗೆ ಬರತೈತಿ" ಎಂದು ನಾನು ಮದುವೆಯಾಗಿ ಹೋದ ಹೊಸದರಲ್ಲೇ ಹೇಳಿದ್ದರು. ಆ ಊರಿನ ಬಾವಿಯ ನೀರು ಸ್ವಲ್ಪ ಸವುಳು, ಉಪ್ಪುಪ್ಪು. ನನಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅವರಿಗೂ ಅವರ ಮಗನಿಗೂ ಅದೇ ಅಮೃತ.

ಒಮ್ಮೆ ಮಾತ್ರ ಕೇರಳಕ್ಕೆ ಬಂದಿದ್ದರು. ಇಲ್ಲಿ ಹೋಟೆಲುಗಳಲ್ಲಿ, ಮನೆಗಳಲ್ಲಿ ಪದಿಮುಗಂ ಎಂಬ ಮರದ ಚಕ್ಕೆ ಹಾಕಿ ಕುದಿಸಿದ ಕೆಂಪು ನೀರನ್ನು ಬಿಸಿಬಿಸಿಯಾಗಿ ಕೊಡುತ್ತಾರಲ್ಲ, ಅದನ್ನು ನೋಡಿ "ಯವ್ವಾ, ಇದೇನು ಕುಂಕಮ ಕಲಿಸಿದ ನೀರು!" ಎಂದು ಹೌಹಾರಿದರು. ಊರಿನಿಂದ ತಂದಿದ್ದ ಕ್ಯಾನಿನ ನೀರು ಮುಗಿಯುವವರೆಗೆ ಇದ್ದರು, ಮುಗಿದ ಮರುದಿನವೇ ಗಾಡಿ ಹತ್ತಿಸಿ ಎಂದು ಹಟ ಹಿಡಿದರು. ಶ್ರೀಕಾರ್ಯಂನ ಬಾವಿಯ ನೀರು ಕಾಯಿನೀರಿನಂತೆ ಸಿಹಿ ಎಂದು ನಾನು ಎಷ್ಟು ಹೇಳಿದರೂ ಮುಟ್ಟಲಿಲ್ಲ. ಈ ಸಂಗತಿ ನಡೆಯುವ ಹೊತ್ತಿಗೆ ಅವರು ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು.

ನಮ್ಮವರ ಕಾಯಿಲೆ ತೋರಿಕೊಂಡದ್ದು ರೈಲಿನಲ್ಲಿ. ಒಂದು ಶುಕ್ರವಾರ ಅವರು ಬರುವ ಹೊತ್ತು ಮೀರಿತು, ಫೋನು ಎತ್ತಲಿಲ್ಲ. ಆಮೇಲೆ ಅವರ ಫೋನಿನಿಂದ ಯಾರೋ ಪ್ರಯಾಣಿಕರು ಮಾತಾಡಿದರು. ನಿಮ್ಮವರು ಇಳಿಯಬೇಕಾದ ಕಡೆ ಇಳಿಯದೆ ಆಲುವದವರೆಗೆ ಬಂದಿದ್ದಾರೆ, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿದ್ದಾರೆ, ಏನು ಕೇಳಿದರೂ ತಿಳಿಯದ ಭಾಷೆಯಲ್ಲಿ ಮಾತಾಡುತ್ತಾರೆ ಎಂದರು. ಫೋನು ಇವರ ಕೈಗೆ ಕೊಡಿಸಿಕೊಂಡೆ. "ರೀ, ಎಲ್ಲದೀರಿ?" ಎಂದರೆ, "ಗದಗಿನ್ಯಾಗ ಇಳದೀನಿ. ಅವ್ವ ಇನ್ನೂ ಬಂದಿಲ್ಲ" ಎಂದರು.

ಕಾರು ಮಾಡಿಕೊಂಡು ಹೋಗಿ ಕರೆತಂದೆವು. ಅದು ಏಪ್ರಿಲ್ ತಿಂಗಳು, ಬಿಸಿಲಿಗೆ ತಲೆ ತಿರುಗಿದೆ ಎಂದುಕೊಂಡೆ. ಹಿಂದಿನ ಕೆಲವು ವಾರಗಳಿಂದ ತಲೆನೋವು, ವಾಕರಿಕೆ ಎನ್ನುತ್ತಿದ್ದರು. ಬಯಲುಸೀಮೆಯ ಹೆಣ್ಣುಮಗಳಿಗೆ ಅದಕ್ಕೆ ತಿಳಿಯುವ ಮದ್ದು ಒಂದೇ: ನೀರು. ಬೆಲ್ಲ ಕೊಟ್ಟೆ, ಚೆಂಬುಗಟ್ಟಲೆ ನೀರು ಕುಡಿಸಿದೆ. ಎಳನೀರು, ಲಿಂಬೆ ಪಾನಕ, ನೀರು ಮಜ್ಜಿಗೆ. ಬಿಪಿ ಇದೆಯೆಂದು ಅಡುಗೆಯಲ್ಲಿ ಉಪ್ಪು ಮೊದಲೇ ಕಡಿಮೆ ಮಾಡಿದ್ದೆ. ಅವರು ಕೊಟ್ಟಿದ್ದನ್ನೆಲ್ಲ ಕುಡಿದರು. ಬೆಳಿಗ್ಗೆ ಎದ್ದವರು ಸೆಟೆದುಕೊಂಡು ಬಿದ್ದರು, ಬಾಯಲ್ಲಿ ನೊರೆ ಬಂತು. ಹಾಗೇ ಎತ್ತಿಕೊಂಡು ಕೊಚ್ಚಿಯ ಆಸ್ಪತ್ರೆಗೆ ಓಡಿದೆವು.

ರಕ್ತದ ವರದಿ ನೋಡಿ ಡಾಕ್ಟರು, ಸೋಡಿಯಂ ಇಷ್ಟು ಕೆಳಗಿಳಿದವರು ಎಚ್ಚರವಿರುವುದೇ ಹೆಚ್ಚು ಎಂದರು. ನನಗೆ ತಿಳಿಯುವಂತೆ ಬಿಡಿಸಿ ಹೇಳಿದರು. ಮೈಯೊಳಗೆ ನೀರನ್ನು ಹಿಡಿದಿಡುವ ಒಂದು ಹಾರ್ಮೋನು ಇದೆಯಂತೆ. ಬೇಕಾದಾಗ ಹುಟ್ಟಬೇಕು, ಬೇಡವಾದಾಗ ನಿಲ್ಲಬೇಕು. ಇವರಲ್ಲಿ ಅದು ನಿಲ್ಲದೆ ಹುಟ್ಟುತ್ತಿತ್ತು. ಕುಡಿದ ನೀರು ಹೊರಗೆ ಹೋಗದೆ ಮೈಯಲ್ಲೇ ನಿಂತು, ಸಾರಿಗೆ ನೀರು ಬೆರೆಸಿದ ಹಾಗೆ ರಕ್ತದ ಉಪ್ಪು ಸಪ್ಪೆಯಾಗುತ್ತಿತ್ತು. ಮಿದುಳು ಊದಿ ಭ್ರಮೆ, ಸೆಳವು ಎಲ್ಲ ಅದರಿಂದಲೇ. ಯಾಕೆ ಹೀಗಾಯಿತು ಎಂದು ಹುಡುಕಿದಾಗ ಎದೆಯ ಸ್ಕ್ಯಾನಿನಲ್ಲಿ ಶ್ವಾಸಕೋಶದ ಗಂಟು ಕಂಡಿತು. ಕಾಲೇಜಿನಲ್ಲಿ ಕಲಿತ ಸಿಗರೇಟು, ಬಿಟ್ಟು ಎಷ್ಟೋ ಕಾಲವಾಗಿತ್ತು. ಆ ಗಂಟೇ ಈ ಹಾರ್ಮೋನನ್ನು ಸುರಿಸುತ್ತಿತ್ತು.

"ಮೊದಲು ಸೋಡಿಯಂ ಮೇಲೆ ಬರಬೇಕು. ಅದು ಬಂದರೆ ಮಾತ್ರ ಗಂಟಿಗೆ ಚಿಕಿತ್ಸೆ" ಎಂದರು ಡಾಕ್ಟರು. ಅವಸರದಿಂದ ಏರಿಸಿದರೆ ಮಿದುಳಿಗೆ ಪೆಟ್ಟು, ಏರಿಸದಿದ್ದರೆ ಜೀವಕ್ಕೆ ಪೆಟ್ಟು. ಉಪ್ಪಿನ ಮಾತ್ರೆ, ಇನ್ನೇನೋ ಔಷಧ, ಎಲ್ಲಕ್ಕಿಂತ ಮುಖ್ಯವಾಗಿ ನೀರಿಗೆ ಕಡಿವಾಣ. ಕುಡಿಯುವ ನೀರು, ಚಹಾ, ಗಂಜಿಯ ತಿಳಿ ಎಲ್ಲ ಸೇರಿ ದಿನಕ್ಕೆ ಒಂದು ಸಣ್ಣ ಬಾಟಲಿ. ಅದರಾಚೆ ಒಂದು ಗುಟುಕೂ ಇಲ್ಲ.

ಕೊಚ್ಚಿಯಲ್ಲಿ ಎಲ್ಲಿ ನೋಡಿದರೂ ನೀರು. ಅವರ ಕೋಣೆಯ ಕಿಟಕಿಯಿಂದ ಹಿನ್ನೀರು ಕಾಣುತ್ತಿತ್ತು, ದೋಣಿಗಳು ಓಡಾಡುತ್ತಿದ್ದವು. ನೀರಿಗಾಗಿ ಬಾಯಿ ಬಿಡುವ ಗಂಡನನ್ನು ಪಕ್ಕದಲ್ಲಿಟ್ಟುಕೊಂಡು ನಾನು ಅದನ್ನು ನೋಡುತ್ತಾ ಕೂರಬೇಕಿತ್ತು. "ಒಂದ ಗುಟಕ ಕೊಡ, ಬಂಗಾರದಂಥಾಕಿ ನೀ" ಎಂದು ಅಂಗಲಾಚುತ್ತಿದ್ದರು. ಜೀವಮಾನದಲ್ಲಿ ನನ್ನನ್ನು ಹಾಗೆ ಕರೆದವರಲ್ಲ. ಒದ್ದೆ ಹತ್ತಿಯಿಂದ ತುಟಿ ಒರೆಸಿದರೆ ಹತ್ತಿಯನ್ನೇ ಚೀಪುತ್ತಿದ್ದರು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಡದೆ ಅಳುತ್ತಿದ್ದೆ. ನೀರಿನ ಸದ್ದು ಕೇಳಿದರೆ ಅವರಿಗೆ ಇನ್ನೂ ಸಂಕಟವಾಗುತ್ತಿತ್ತು. ಶ್ರೀಕಾರ್ಯಂನಿಂದ ನೋಡಲು ಬಂದ ಸಹೋದ್ಯೋಗಿಗಳು ಪ್ರೀತಿಯಿಂದ ಎಳನೀರಿನ ಗೊಂಚಲನ್ನೇ ತಂದಿದ್ದರು. ಬಾಗಿಲಲ್ಲೇ ತಡೆದು, ಹುಲಿಯ ಹಾಗೆ ಗದರಿ, ಅದನ್ನು ನರ್ಸುಗಳಿಗೆ ಹಂಚಿಸಿದೆ. ಪಾಪ, ಅವರೆಲ್ಲ ನನ್ನನ್ನು ಏನೆಂದುಕೊಂಡರೋ.

ಒಂದು ಮಧ್ಯಾಹ್ನ ಅವರು ಕೇಳುವುದನ್ನು ನಿಲ್ಲಿಸಿಬಿಟ್ಟರು. ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ತೃಪ್ತಿ ಕಂಡಿತು. "ಬಾಯಿ ಒಣಗೈತೇನು?" ಎಂದು ನಾನೇ ಕೇಳಿದೆ. "ಇಲ್ಲ. ಅವ್ವ ಬಂದಿದ್ಲು. ಹೊಟ್ಟಿ ತುಂಬ ನೀರು ಕೊಟ್ಟು ಹೋದ್ಲು" ಎಂದರು. ಡಾಕ್ಟರಿಗೆ ಹೇಳಿದಾಗ ಸೋಡಿಯಂ ಕಡಿಮೆಯಾದರೆ ಹೀಗೇ, ಇಲ್ಲದವರು ಕಾಣುತ್ತಾರೆ ಎಂದರು. ನನಗೂ ಅದು ಸರಿಯೆನಿಸಿತು. ಭ್ರಮೆಯಲ್ಲಾದರೂ ಬಾಯಾರಿಕೆ ಇಂಗಿತಲ್ಲ, ಇರಲಿ ಎಂದುಕೊಂಡೆ.

ಆದರೆ ಮರುದಿನ ಬೆಳಿಗ್ಗೆ ತೂಕ ಹೆಚ್ಚಾಗಿತ್ತು, ಸೋಡಿಯಂ ಇಳಿದಿತ್ತು. ಮತ್ತೆ ಮಧ್ಯಾಹ್ನ ಅವ್ವ ಬಂದಿದ್ದಳು ಎಂದರು. ಮತ್ತೆ ಬೆಳಿಗ್ಗೆ ಅದೇ ಕಥೆ. ಭ್ರಮೆಯ ನೀರಿಗೆ ತೂಕ ಎಲ್ಲಿಂದ ಬರಬೇಕು? ಸಿಸ್ಟರ್ ಜಿನ್ಸಿ ಎಂಬ ನರ್ಸು ನನ್ನನ್ನು ಹೊರಗೆ ಕರೆದು, "ಚೇಚೀ, ಸತ್ಯಂ ಪರಯಣಂ. ವೆಳ್ಳಂ ಕೊಡುತ್ತೋ?" ಎಂದು ಕೇಳಿದಳು. ನಿಜ ಹೇಳಿ ಅಕ್ಕ, ನೀರು ಕೊಟ್ಟಿರಾ ಎಂದು. ನನ್ನ ಕಣ್ಣಲ್ಲಿ ನೀರು ಬಂತು. ಆಣೆ ಮಾಡಿದೆ. ಆಮೇಲೆ ನಾನು ಮಗಳ ಮೇಲೆ ಹಾರಿದೆ, ಅಪ್ಪನ ಮೇಲಿನ ಕರುಣೆಗೆ ಅವಳೇ ಕೊಡುತ್ತಿದ್ದಾಳೆ ಎಂದು. ಅವಳೂ ಅತ್ತಳು. ಕೋಣೆ ಗುಡಿಸುವವಳನ್ನೂ ಬಿಡದೆ ಕೇಳಿದೆವು. ಎದ್ದು ನಲ್ಲಿಗೆ ಹೋಗಿ ಕುಡಿಯುತ್ತಾರೆ ಎನ್ನೋಣವೆಂದರೆ, ಮಂಚದ ಎರಡೂ ಕಡೆ ಕಂಬಿ ಏರಿಸಿತ್ತು, ಒಬ್ಬರು ಹಿಡಿಯದೆ ಕೂರುವ ಶಕ್ತಿಯೂ ಅವರಿಗಿರಲಿಲ್ಲ. ಇನ್ನೂ ಇಳಿದರೆ ಉಳಿಸುವುದು ಕಷ್ಟ, ಐಸಿಯುಗೆ ಹಾಕಬೇಕಾಗುತ್ತದೆ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು.

ಹಾಗಾಗಿ ಅಂದು ಮಧ್ಯಾಹ್ನ ನಾನೇ ಕಾವಲು ಕೂತೆ. ಮಗಳನ್ನು ಕಾಲೇಜಿಗೆ ಅಟ್ಟಿದೆ. ನೀರಿನ ಬಾಟಲಿಯನ್ನು ನನ್ನ ಕೈಚೀಲದಲ್ಲಿಟ್ಟುಕೊಂಡೆ, ಬಚ್ಚಲಿಗೆ ಚಿಲಕ ಹಾಕಿದೆ, ಒದ್ದೆ ಹತ್ತಿಯ ಬಟ್ಟಲನ್ನೂ ಹೊರಗಿಟ್ಟೆ. ಕುರ್ಚಿಯನ್ನು ಮಂಚಕ್ಕೆ ತಾಗಿಸಿ ಹಾಕಿಕೊಂಡು ಅವರ ಮುಖವನ್ನೇ ನೋಡುತ್ತಾ ಕೂತೆ. ಊಟದ ಗಾಡಿ ಬಂದು ಹೋಗಿತ್ತು. ಕಾರಿಡಾರಿನಲ್ಲಿ ಸದ್ದಿರಲಿಲ್ಲ. ಎಸಿಯ ಗಾಳಿಗೆ ನನಗೇ ಚಳಿಯಾಗಿ ಸೆರಗು ಹೊದ್ದುಕೊಂಡಿದ್ದೆ. ಅವರು ಕಣ್ಣು ಮುಚ್ಚಿದ್ದರು, ತುಟಿ ಒಣಗಿ ಸಿಪ್ಪೆ ಎದ್ದಿತ್ತು.

ನಾನು ತೂಕಡಿಸಲಿಲ್ಲ. ಇದನ್ನು ಯಾರು ಎಷ್ಟು ಸಲ ಕೇಳಿದರೂ ಹೇಳುತ್ತೇನೆ.

ಇದ್ದಕ್ಕಿದ್ದಂತೆ ಅವರು ದಿಂಬಿನಿಂದ ತಲೆಯೆತ್ತಿದರು. ಎರಡು ಕೈಯನ್ನೂ ಬೊಗಸೆ ಮಾಡಿ ಗಲ್ಲದ ಕೆಳಗೆ ತಂದು, ಬಾಯಿ ತೆರೆದರು. ಅರವಟ್ಟಿಗೆಯ ಮುಂದೆ ಜನ ಹೇಗೆ ನಿಲ್ಲುತ್ತಿದ್ದರೋ ಹಾಗೆ. ಗಂಟಲಿನ ಗಂಟು ಮೇಲೆ ಕೆಳಗೆ ಆಡತೊಡಗಿತು. ಗಟಗಟನೆ ನುಂಗುವ ಸದ್ದು ನನ್ನ ಕಿವಿಗೆ ಸ್ಪಷ್ಟವಾಗಿ ಕೇಳಿಸಿತು. ಒಮ್ಮೆ ನಿಲ್ಲಿಸಿ ಉಸಿರು ತೆಗೆದುಕೊಂಡರು, ಮತ್ತೆ ಕುಡಿದರು. ಆಮೇಲೆ ಬೊಗಸೆ ಬಿಟ್ಟು, ಮುಂಗೈಯಿಂದ ಬಾಯಿ ಒರೆಸಿಕೊಂಡು, "ಸಾಕ ಬೇ ಅವ್ವಾ" ಎಂದು ದಿಂಬಿಗೆ ಒರಗಿದರು. ಇಷ್ಟೂ ಹೊತ್ತು ಕಣ್ಣು ತೆರೆಯಲಿಲ್ಲ.

ನಾನು ಯಾರನ್ನೂ ಕಾಣಲಿಲ್ಲ. ಸೀರೆಯ ಅಂಚಾಗಲಿ, ನೆರಳಾಗಲಿ, ಬಳೆಯ ಸದ್ದಾಗಲಿ, ಏನೂ ಇಲ್ಲ. ಆದರೆ ಅವರ ಗಲ್ಲ ಒದ್ದೆಯಾಗಿತ್ತು. ಆಸ್ಪತ್ರೆಯ ಅಂಗಿಯ ಕೊರಳ ಪಟ್ಟಿ ತೊಯ್ದು ಎದೆಗೆ ಅಂಟಿತ್ತು. ಮುಟ್ಟಿದೆ. ತಣ್ಣಗಿತ್ತು, ಮಣ್ಣಿನ ಕೊಡದ ನೀರು ಎಷ್ಟು ತಣ್ಣಗಿರುತ್ತದೋ ಅಷ್ಟು. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ, ಬೆರಳನ್ನು ನಾಲಿಗೆಗೆ ತಾಗಿಸಿಕೊಂಡೆ. ಸ್ವಲ್ಪ ಸವುಳು.

ಹೆದರಿದೆನೇ ಎಂದು ಕೇಳುತ್ತೀರಿ. ಇಲ್ಲ. ನನಗೆ ಬಂದದ್ದು ಸಿಟ್ಟು, ಅದರ ಹಿಂದೆಯೇ ಅಳು. ನಾನು ಎದೆಯ ಮೇಲೆ ಕಲ್ಲು ಹೇರಿಕೊಂಡು, ಬೇಡಿಕೊಳ್ಳುವ ಗಂಡನಿಗೆ ಹನಿ ನೀರು ಕೊಡದೆ ಜೀವ ಹಿಡಿದಿಡುತ್ತಿದ್ದರೆ, ಇವರು ಬಂದು ತಂಬಿಗೆಗಟ್ಟಲೆ ಹೊಯ್ದು ಹೋಗುತ್ತಿದ್ದಾರಲ್ಲ ಎನಿಸಿತು. ದೇವರಿಗೂ ನೆಟ್ಟಗೆ ಕೈ ಮುಗಿಯದ ನಾನು ಎದ್ದು ನಿಂತು, ಮಂಚದ ಆಚೆ ಬದಿಯ ಖಾಲಿ ಜಾಗಕ್ಕೆ ಕೈ ಮುಗಿದೆ.

"ಅತ್ತೀ, ನೀವು ಬಂದೀರೋ ಇಲ್ಲೋ ನನಗ ಗೊತ್ತಿಲ್ಲ. ಬಂದಿದ್ರ ಒಂದ ಮಾತು ಕೇಳ್ರಿ. ಇವರಿಗೆ ನೀರು ಕುಡಿಸಬ್ಯಾಡ್ರಿ. ನಿಮ್ಮ ಕಾಲಕ್ಕ ನೀರಂದ್ರ ಜೀವ, ಖರೆ. ಆದರ ಇವರ ಮೈಗೆ ಅದ ವಿಷ ಆಗೇತಿ. ನೀವು ಹೊಯ್ದಷ್ಟೂ ರಕ್ತದಾಗಿನ ಉಪ್ಪು ಕರಗಾಕತ್ತೈತಿ. ನಿಮ್ಮ ಮಗಾ ನನಗ ಉಳೀಬೇಕ್ರಿ ಅತ್ತಿ. ನಿಮ್ಮ ಕಾಲಿಗೆ ಬೀಳ್ತೀನಿ, ನಾಳಿಂದ ಬರಬ್ಯಾಡ್ರಿ."

ಎಸಿಯ ಗುಂಯ್‌ಗುಟ್ಟುವಿಕೆ ಬಿಟ್ಟರೆ ಬೇರೇನೂ ಕೇಳಲಿಲ್ಲ. ಇವರು ನಿದ್ದೆಯಲ್ಲಿದ್ದರು. ಸ್ವಲ್ಪ ಹೊತ್ತಿಗೆ ಮಗಳು ಬಂದಳು. ನಾನು ನಡೆದದ್ದೆಲ್ಲ ಹೇಳಿ ಕೊರಳಪಟ್ಟಿ ಮುಟ್ಟಿಸಿದೆ. "ಇದ್ ವಿಯರ್ಪ್ಪಾಣಮ್ಮಾ" ಎಂದಳು. ಬೆವರು ಎಂದು. ಬೆವರೂ ಉಪ್ಪೇ ಅಲ್ಲವೇ ಎಂಬುದು ಅವಳ ವಾದ. ಈ ಚಳಿಯಲ್ಲಿ ಎಂಥ ಬೆವರೇ ಎಂದು ರೇಗಿದೆ. ಅವಳು ನನ್ನ ಮುಖ ನೋಡಿ ಮೆಲ್ಲಗೆ, "ಅಮ್ಮ ಉರಙ್ಙಿಯಿಟ್ಟ್ ಎತ್ರ ದಿವಸಮಾಯಿ?" ಎಂದು ಕೇಳಿದಳು. ನೀನು ನಿದ್ದೆ ಮಾಡಿ ಎಷ್ಟು ದಿನವಾಯಿತು ಎಂದು. ಅವಳು ಹೇಳಿದ್ದೇ ಸರಿ ಇರಬಹುದು.

ಮಾರನೆಯ ಬೆಳಿಗ್ಗೆ ತೂಕ ಏರಿರಲಿಲ್ಲ. ಅದರ ಮರುದಿನ ಇಳಿಯಿತು, ಸೋಡಿಯಂ ಏರಿತು. ಡಾಕ್ಟರು ಔಷಧ ಹಿಡಿಯಿತು ಎಂದು ಸಂತೋಷಪಟ್ಟರು. ಹಿಡಿದಿರಲೂಬಹುದು, ಹೊಸ ಮಾತ್ರೆ ಶುರುಮಾಡಿ ಆಗ ಕೆಲವು ದಿನಗಳಾಗಿದ್ದವು. ನಮ್ಮವರ ತಲೆ ತಿಳಿಯಾಗತೊಡಗಿತು. ಇವತ್ತು ಯಾವ ವಾರ ಎಂದರೆ ಹೇಳಿದರು. ಸಂಸ್ಥೆಯ ತೋಟದಲ್ಲಿ ತಾವು ನೆಡಿಸಿದ್ದ ಮರಗೆಣಸಿನ ಸಸಿಗಳ ಬಗ್ಗೆ ಫೋನಿನಲ್ಲಿ ವಿಚಾರಿಸಿದರು. ಸಿಸ್ಟರ್ ಜಿನ್ಸಿಯೊಂದಿಗೆ ತಮ್ಮ ಅರೆಬರೆ ಮಲಯಾಳದಲ್ಲಿ ತಮಾಷೆ ಮಾಡಿದರು. ಗಂಡ ವಾಪಸ್ಸು ಬಂದ ಎಂದು ನನಗೆ ಹಿಡಿಸಲಾರದಷ್ಟು ಸಂತೋಷ.

ಆ ಸಂತೋಷದಲ್ಲೇ ನಾನು ಅವರ ತಲೆ ಬಾಚುತ್ತಿದ್ದೆ. ಅವರು ಕಿಟಕಿಯ ಕಡೆ ನೋಡುತ್ತಾ ಕೇಳಿದರು: "ನೀ ಅವ್ವಗ ಏನಂದಿ?"

ಬಾಚಣಿಗೆ ನಿಂತಿತು. "ನಾ ಏನನ್ಲಿ? ಯಾಕ?"

"ನಿನ್ನೆ ಬಂದಿದ್ಲು. ಬಾಗಲದಾಗ ನಿಂತಿದ್ಲು. ತಂಬಿಗಿ ಕೈಯಾಗ ಇತ್ತು. ಒಳಗ ಬಾ ಬೇ ಅಂದೆ. ಒಲ್ಲೆಪ್ಪಾ, ನಿನ್ನ ಹೆಂಡ್ತಿ ಬ್ಯಾಡಂದಾಳ ಅಂದ್ಲು."

ಮಗಳು ಅವರಿಗೆ ಹೇಳಿರಲಿಲ್ಲ, ನಾನಂತೂ ಹೇಳಿರಲಿಲ್ಲ. ಅಂದು ನಾನು ಕೈ ಮುಗಿದು ಮಾತಾಡಿದಾಗ ಅವರಿಗೆ ಅರೆ ಎಚ್ಚರವಿದ್ದು ಕೇಳಿಸಿಕೊಂಡಿರಬಹುದು, ಅದೇ ಕನಸಾಗಿ ಬಂದಿರಬಹುದು. ಹೀಗೆಂದು ಆಮೇಲೆ ಡಾಕ್ಟರೊಬ್ಬರು ಹೇಳಿದರು, ನಾನು ಒಪ್ಪಿದೆ. ಆದರೆ ಆ ಹೊತ್ತಿಗೆ ಅವರ ಸೋಡಿಯಂ ಸರಿಯಾಗಿತ್ತು. ಎಲ್ಲವನ್ನೂ ಅದರ ತಲೆಗೆ ಕಟ್ಟಲು ಆಗುವಂತಿರಲಿಲ್ಲ.

"ರೀ, ನೀವು ಉಳೀಲಿ ಅಂತ ಅಂದೆ" ಎಂದೆ.

"ಗೊತ್ತೈತಿ" ಎಂದರು. ಕಣ್ಣಂಚಿನಿಂದ ನೀರಿಳಿಯಿತು. "ನೀ ಮಾಡಿದ್ದು ಬರೋಬ್ಬರಿ ಐತಿ. ಆದರ ಅಕಿ ಕೈಯಾಗಿನ ನೀರನ್ನ ಯಾರೂ ಬ್ಯಾಡ ಅಂದಿದ್ದಿಲ್ಲ. ಮುಖ ಸಣ್ಣದ ಮಾಡ್ಕೊಂಡು ಹೋದ್ಲು."

ಅಂದಿನಿಂದ ಅವರಿಗೆ ಬಾಯಾರಿಕೆ ಮರಳಿ ಬಂತು. ಅಂಗಲಾಚಲಿಲ್ಲ, ನನ್ನನ್ನು ಒಂದು ಮಾತು ಅನ್ನಲಿಲ್ಲ. ತಮ್ಮ ಪಾಲಿನ ಬಾಟಲಿಯನ್ನು ಪಕ್ಕದಲ್ಲಿಟ್ಟುಕೊಂಡು ಇಷ್ಟಿಷ್ಟೇ ಕುಡಿಯುತ್ತಾ ಬಾಗಿಲು ನೋಡುತ್ತಿದ್ದರು. ಯಾರಾದರೂ ಬಂದರೆ ಮುಖ ಅರಳುತ್ತಿತ್ತು, ಬಂದವರು ಯಾರೆಂದು ತಿಳಿದ ಮೇಲೆ ಮತ್ತೆ ಇಳಿಯುತ್ತಿತ್ತು. ನಾನು ಒಳಗೆ ಬಂದಾಗಲೂ ಹಾಗೇ. ಹೆಂಡತಿಯ ಹೊಟ್ಟೆ ಹೇಗೆ ಉರಿಯಬೇಡ ಹೇಳಿ.

ಗಂಟಿಗೆ ಚಿಕಿತ್ಸೆ ಶುರುವಾಯಿತು. ಆ ಮಳೆಗಾಲ, ಅದರ ಮುಂದಿನ ಓಣಂ ಹಬ್ಬದವರೆಗೆ ಅವರು ನಮ್ಮ ಜೊತೆಗಿದ್ದರು. ಅಷ್ಟು ಸಿಕ್ಕಿತಲ್ಲ ಎಂದು ಎಲ್ಲರೂ ಹೇಳುತ್ತಾರೆ, ಹೌದು, ಸಿಕ್ಕಿತು. ಕೊನೆಕೊನೆಗೆ ಗಂಟು ಮಾತು ಕೇಳಲಿಲ್ಲ. ಇನ್ನು ಆಸ್ಪತ್ರೆ ಬೇಡ, ನನ್ನನ್ನು ಶ್ರೀಕಾರ್ಯಂಗೆ ಕರೆದುಕೊಂಡು ಹೋಗು ಎಂದರು. ರಜೆ ಹಾಕಿ ಹೋದೆ. ಕ್ವಾರ್ಟರ್ಸಿನ ಮುಂದಿನ ಕೋಣೆಯಲ್ಲಿ, ಬಾಗಿಲಿಗೆ ಎದುರಾಗಿ ಮಂಚ ಹಾಕಿಸಿಕೊಂಡರು. ಗಾಳಿ ಬರಲಿ ಎಂದರು. ಯಾಕೆಂದು ನಾನು ಕೇಳಲಿಲ್ಲ, ನನಗೆ ತಿಳಿದಿತ್ತು.

ಒಂದು ಬೆಳಿಗ್ಗೆ ಹತ್ತಿರದ ಡಾಕ್ಟರು ಮನೆಗೇ ಬಂದು ನೋಡಿದರು. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತಾ, "ಇನ್ನು ನೀರಿಗೆ ಲೆಕ್ಕ ಬೇಡಮ್ಮ. ಕೇಳಿದ್ದು ಕೊಡಿ" ಎಂದರು. ಆ ಮಾತಿನ ಅರ್ಥ ನನಗಾಯಿತು. ಒಳಗೆ ಹೋಗಿ ದೊಡ್ಡ ಲೋಟದ ತುಂಬ, ತುಳುಕುವಷ್ಟು ನೀರು ತಂದೆ. ಅಷ್ಟು ತಿಂಗಳ ಮೇಲೆ ಗಂಡನಿಗೆ ಕೈತುಂಬ ನೀರು ಕೊಡುತ್ತಿದ್ದೆ. "ರೀ, ಕುಡೀರಿ. ಎಷ್ಟು ಬೇಕು ಅಷ್ಟು ಕುಡೀರಿ. ಈಗ ಬ್ಯಾಡನ್ನೂದಿಲ್ಲ" ಎಂದು ಚಮಚದಿಂದ ತುಟಿಗೆ ತಾಗಿಸಿದೆ.

ಅವರು ತುಟಿ ಬಿಗಿದರು. ಚಮಚದ ನೀರು ಕೆನ್ನೆಯ ಮೇಲಿಂದ ಇಳಿದು ದಿಂಬಿಗೆ ಹೋಯಿತು. ಮತ್ತೆ ಪ್ರಯತ್ನಿಸಿದೆ, ಮತ್ತೆ ಹಾಗೇ. ಮಗಳು ಕುಡಿಸಲು ನೋಡಿದಳು. "ಅಪ್ಪಾ, ಸ್ವಲ್ಪ ಕುಡಿ" ಎಂದಳು, ಕನ್ನಡದಲ್ಲಿ. ಅವಳ ತಲೆ ಸವರಿದರು, ಬಾಯಿ ಮಾತ್ರ ತೆರೆಯಲಿಲ್ಲ. ಕಣ್ಣು ಬಾಗಿಲ ಮೇಲೆ. ನನಗೆ ಮಾತ್ರ ಕೇಳಿಸುವಂತೆ, "ಅವ್ವ ಕೊಡ್ತಾಳ" ಎಂದರು.

ನಾನು ಎದ್ದು ಹೊರಗೆ ಹೋದೆ. ಗೇಟು ತೆರೆದೆ. ಎದುರು ಮನೆಯ ಮಲಯಾಳಿ ಹೆಂಗಸು ಅಂಗಳ ಗುಡಿಸುತ್ತಿದ್ದವರು ಪೊರಕೆ ನಿಲ್ಲಿಸಿ ನೋಡಿದರು. ನನಗೆ ಯಾರ ಹಂಗೂ ಇರಲಿಲ್ಲ. ರಸ್ತೆಯ ಕಡೆ ಮುಖ ಮಾಡಿ, ಗಂಟಲು ಹರಿಯುವ ಹಾಗೆ ಕೂಗಿದೆ. "ಅತ್ತೀ, ಬರ್ರಿ! ನಾ ಬ್ಯಾಡಂದಿದ್ದೆ, ಈಗ ನಾನ ಕರೀತೀನಿ, ಬರ್ರಿ! ನಿಮ್ಮ ಮಗಾ ನಿಮ್ಮ ಕೈಯಾಗಿನ ನೀರಿಗೆ ಕಾಯಾಕತ್ತಾನ!" ಮಗಳು ಓಡಿ ಬಂದು ನನ್ನನ್ನು ತಬ್ಬಿಕೊಂಡು ಒಳಗೆ ಎಳೆದಳು. ಗೇಟು, ಬಾಗಿಲು ಎರಡನ್ನೂ ಹಾಗೇ ತೆರೆದಿಟ್ಟೆ.

ಅವರ ಪಕ್ಕದಲ್ಲಿ ಕೂತು ಗಂಟಲನ್ನೇ ನೋಡುತ್ತಿದ್ದೆ. ಒಮ್ಮೆಯಾದರೂ ಆ ಗಂಟು ಮೇಲೆ ಕೆಳಗೆ ಆಡಲಿ, ಗಲ್ಲ ಒದ್ದೆಯಾಗಲಿ ಎಂದು ಕಾದೆ. ಕೈಯನ್ನು ಬೊಗಸೆ ಮಾಡಲು ನೋಡಿದರು, ಶಕ್ತಿಯಿರಲಿಲ್ಲ. ನಾನೇ ಎರಡೂ ಅಂಗೈ ಕೂಡಿಸಿ ಹಿಡಿದೆ. ಊಟದ ಹೊತ್ತಿಗೆ ಮುಂಚೆ ಉಸಿರು ನಿಂತಿತು. ಬೊಗಸೆ ಒಣಗಿತ್ತು, ತುಟಿ ಒಣಗಿತ್ತು.

ಈ ಮಾತಿಗೆ ಈಗ ಕೆಲವು ವರ್ಷಗಳಾದವು. ತ್ರಿಪ್ಪುಣಿತ್ತುರಕ್ಕೆ ಮೆಟ್ರೊ ಬಂದಿದೆ, ಮಗಳು ಕೆಲಸಕ್ಕೆ ಹೋಗುತ್ತಾಳೆ. ಅದೆಲ್ಲ ಕಾಯಿಲೆ, ಬೆವರು, ನಿದ್ದೆಗೇಡು ಎಂದು ಅವಳು ಸಮಾಧಾನ ಹೇಳುತ್ತಾಳೆ. ಹಗಲು ನನಗೂ ಹಾಗೇ ಅನಿಸುತ್ತದೆ. ಅತ್ತೆ ಬಂದೇ ಇರಲಿಲ್ಲವೆಂದರೆ ಆಸ್ಪತ್ರೆಯಲ್ಲಿ ನನ್ನ ನಾಲಿಗೆಗೆ ತಾಗಿದ ಆ ಸವುಳು ಎಲ್ಲಿಯದು? ಬಂದಿದ್ದರು ಎಂದರೆ, ನಾನು ಅಷ್ಟು ಕೂಗಿ ಕರೆದಾಗ, ಕೊನೆಯ ಗುಟುಕಿಗಾಗಿ ಮಗ ಕಾಯುತ್ತಿದ್ದಾಗ, ಯಾಕೆ ಬರಲಿಲ್ಲ? ಆಸ್ಪತ್ರೆಯಲ್ಲಿ ನಾನು ಹೇಳಿದ್ದು ತಪ್ಪೆಂದು ಇವತ್ತಿಗೂ ಅನಿಸಿಲ್ಲ. ಮತ್ತೆ ಆ ದಿನ ಬಂದರೆ ಮತ್ತೆ ಅದನ್ನೇ ಹೇಳುತ್ತೇನೆ. ಒಂದೇ ಒಂದು ನನಗೆ ಅರ್ಥವಾಗುವುದಿಲ್ಲ. ಬದುಕಿರುವಷ್ಟು ದಿನ ನಮ್ಮ ಅತ್ತೆ ನಾನು ಹೇಳಿದ ಒಂದು ಮಾತನ್ನೂ ಕೇಳಿದವರಲ್ಲ. ಅದೊಂದು ಮಾತನ್ನು ಯಾಕೆ ಕೇಳಿದರು?